ಬೇಳದ ಇಗರ್ಜಿ, ಅಳಿವೆಯ ಬೋಟು, ಬೆಳಗಿನ ಮಂಜು

ಪ್ರಶ್ನೆ: ಸರ್, ಡಿಸೆಂಬರಿನಲ್ಲಿ ಎರಡು ದಿನ ಬೆಳಗ್ಗೆ ನಮ್ಮ ಕಾಸರಗೋಡು ಜಿಲ್ಲೆಯ ಬೇಳದ ಇಗರ್ಜಿಯ (ಚರ್ಚಿನ) ಫೋಟೊ ತೆಗೆದೆ. ಒಳ್ಳೆ ಮಂಜು ಇತ್ತು. ಕಣ್ಣಿಗೆ ಬೆಳ್ಳಗೆ ಕಂಡದ್ದು ಫೋಟೊದಲ್ಲಿ ಬೂದಿ ಮೆತ್ತಿದ ಹಾಗೆ ಬಂತು. ಇಗರ್ಜಿಯೂ ಸಪ್ಪೆ. ತಪ್ಪು ಕ್ಯಾಮೆರಾದ್ದೋ, ನನ್ನದೋ?
– ಕಾಲೇಜು ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನೀವು ಕಳಿಸಿದ ಎರಡೂ ಫೋಟೊ ನೋಡಿದೆ ತಂಗಿ. ಇದು ಕ್ಯಾಮೆರಾದ ಸ್ವಭಾವ. ಎದುರಿಗಿರುವುದು ಮಂಜೋ, ಕರಿ ಬಂಡೆಯೋ, ಬೆಳಕು ಅಳೆಯುವ ಅದರ ಮೀಟರಿಗೆ ಗೊತ್ತಾಗುವುದಿಲ್ಲ. ಏನು ಕಂಡರೂ ನಡುವಿನ ಬೂದು ಬಣ್ಣಕ್ಕೆ ತಂದು ನಿಲ್ಲಿಸುತ್ತದೆ. ಮಂಜು ಬೆಳ್ಳಗಿರುವುದರಿಂದ, ಬೆಳಕು ಜಾಸ್ತಿ ಆಯಿತು ಅಂದುಕೊಂಡು ಕಡಿಮೆ ಮಾಡಿಬಿಡುತ್ತದೆ. ಕ್ಯಾಮೆರಾದಲ್ಲಿ ಪ್ಲಸ್, ಮೈನಸ್ ಗುರುತಿನ ಬಟನ್ ಇದೆ ಅಲ್ವಾ? ಅದನ್ನು ಪ್ಲಸ್ 1ಕ್ಕೆ ಇಡಿ. ಮೊಬೈಲ್ ಆದರೆ ಪರದೆಯನ್ನು ಬೆರಳಿನಿಂದ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಎಳೆಯಿರಿ. ಬೂದಿ ಹೋಗುತ್ತದೆ.

ನಾನು ಉಪ್ಪಳದಲ್ಲಿ ಸ್ಟುಡಿಯೊ ಇಟ್ಟ ಹೊಸತರಲ್ಲಿ ಇದೇ ಇಗರ್ಜಿಗೆ ಹೋಗಿದ್ದೆ. ಕೈಯಲ್ಲಿ ಯಾಶಿಕಾ ಕ್ಯಾಮೆರಾ, ಒಳಗೆ ಕಪ್ಪು-ಬಿಳುಪಿನ ಒಂದು ರೋಲು. ಒಟ್ಟು 12 ಫೋಟೊ. ಮೀಟರ್ ಹೇಳಿದ್ದನ್ನೇ ನಂಬಿ ಎಲ್ಲವನ್ನೂ ತೆಗೆದೆ. ರಾತ್ರಿ ಡಾರ್ಕ್ ರೂಮಿನಲ್ಲಿ ನೆಗೆಟಿವ್ ಎತ್ತಿ ಹಿಡಿದಾಗ ಹೊಟ್ಟೆಯೊಳಗೆ ಸಂಕಟವಾಯಿತು. ಬೆಳಕು ಸಾಲದೆ ಎಲ್ಲ ತೆಳು. ಕಪ್ಪು-ಬಿಳುಪಿನ ವ್ಯತ್ಯಾಸ ಹೆಚ್ಚಿಸುವ ಗಡುಸು ಪೇಪರಿನಲ್ಲಿ ಪ್ರಿಂಟ್ ಹಾಕಿ ನೋಡಿದೆ. ಹನ್ನೆರಡರಲ್ಲಿ ಒಂದೇ ಒಂದು ಉಳಿಯಿತು. ಅದರಲ್ಲಿ ಎದುರಿಗೇ ಒಂದು ಕಂಗು (ಅಡಕೆ ಮರ) ಇತ್ತು. ಬುಡದಿಂದ ಮೇಲಿನವರೆಗೆ ಕಪ್ಪು. ಅದರ ಹಿಂದೆ ಇಗರ್ಜಿ, ಅರ್ಧ ಕಂಡು ಅರ್ಧ ಕಾಣದೆ.

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಬರೀ ಮಂಜನ್ನು ತೆಗೆದರೆ ಅದು ಮಂಜಿನ ಫೋಟೊ ಆಗುವುದಿಲ್ಲ. ಹತ್ತಿರದಲ್ಲಿ ಗಟ್ಟಿಯಾಗಿ, ಕಪ್ಪಾಗಿ ಏನಾದರೂ ಒಂದು ಬೇಕು. ಕಂಗು, ಗೇಟು, ಮುರಕಲ್ಲಿನ ಪಾಗಾರ, ಸೈಕಲ್, ಯಾವುದಾದರೂ ಸರಿ. ಮಂಜಿನ ಹನಿಗಳು ಎಲ್ಲ ಬಣ್ಣವನ್ನೂ ಒಂದೇ ರೀತಿ ಚದುರಿಸುತ್ತವೆ. ಅದಕ್ಕೇ ಅದು ಬೆಳ್ಳಗೆ ಕಾಣುವುದು. ದೂರ ಹೋದ ಹಾಗೆ ಹನಿಗಳ ಪದರ ದಪ್ಪವಾಗಿ, ವಸ್ತು ಮಸುಕಾಗುತ್ತದೆ. ಹತ್ತಿರದ ಕಪ್ಪು ಇಲ್ಲದಿದ್ದರೆ ಈ ದೂರ ನೋಡುವವರಿಗೆ ತಿಳಿಯುವುದೇ ಇಲ್ಲ. ನಿಮ್ಮ ಎರಡು ಫೋಟೊದಲ್ಲೂ ಇಗರ್ಜಿ ಒಂದೇ ಇದೆ. ಹತ್ತು ಹೆಜ್ಜೆ ಹಿಂದೆ ಬಂದಿದ್ದರೆ ತೋಟದ ಅಂಚು ಸಿಗುತ್ತಿತ್ತು.

ಫೋಕಸ್ ಕೂಡ ಅಲ್ಲೇ ಮಾಡಿ. ಬಿಳಿ ಮಂಜಿನಲ್ಲಿ ಆಟೊ ಫೋಕಸ್ ಹಿಡಿಯಲು ಏನೂ ಸಿಗದೆ ಹಿಂದೆ ಮುಂದೆ ಒದ್ದಾಡುತ್ತದೆ. ಕಂಗಿನ ಅಂಚಿಗೆ ಇಟ್ಟರೆ ತಕ್ಷಣ ನಿಲ್ಲುತ್ತದೆ. ಇಗರ್ಜಿಯೇ ಚೂಪಾಗಿ ಬೇಕು ಅಂದರೆ ಗೋಡೆಯೂ ಆಕಾಶವೂ ಸೇರುವ ಗೆರೆಗೆ ಇಡಿ. 1890ರ ಇಗರ್ಜಿ, ಗೋಥಿಕ್ ಶೈಲಿಯದ್ದು. ಆ ಚೂಪು ಕಮಾನುಗಳು ಮಂಜಿನಲ್ಲಿ ಬಣ್ಣ ಕಳೆದುಕೊಂಡು ಬರೀ ಆಕಾರವಾಗಿ ಉಳಿದಾಗ ನನಗೆ ಈಗಲೂ ಮೈ ಜುಂ ಎನ್ನುತ್ತದೆ. ಬೆಳಗಿನ ಬಲಿಪೂಜೆಗೆ ಜನ ಬರುತ್ತಾರೆ. ಮೊದಲು ಕೇಳಿ, ಆಮೇಲೆ ಕ್ಯಾಮೆರಾ ಎತ್ತಿ. ಫ್ಲ್ಯಾಷ್ ಹಾಕಲೇಬೇಡಿ. ಎದುರಿನ ಹನಿಗಳೇ ಹೊಳೆದು ಎಲ್ಲವನ್ನೂ ಮುಚ್ಚಿಬಿಡುತ್ತವೆ.

ಪ್ರಶ್ನೆ: ಮಂಜೇಶ್ವರ ಬಂದರಿಗೆ ಹತ್ತು ಸಲವಾದರೂ ಬೆಳಗ್ಗೆ ಹೋಗಿದ್ದೇನೆ. ಮೂರು ಸಲ ಮಾತ್ರ ಮಂಜು ಸಿಕ್ಕಿತು. ಸಿಕ್ಕ ದಿನವೂ ಬೋಟುಗಳು ಚಪ್ಪಟೆಯಾಗಿ ಬಂದವು. ಕಡಲಿನ ಕಡೆ ಮಂಜು ಕಡಿಮೆಯೇ?
– ಬ್ಯಾಂಕ್ ನೌಕರ, ಹೊಸಂಗಡಿ

ಉತ್ತರ: ಹತ್ತರಲ್ಲಿ ಮೂರು ಸಲ ಸಿಕ್ಕಿದ್ದು ಒಳ್ಳೆಯದೇ. ಸಾನ್ ಫ್ರಾನ್ಸಿಸ್ಕೊದ ಕಡಲು ತಣ್ಣಗಿನದು, ಅಲ್ಲಿ ನೀರಿನ ಮೇಲಿಂದಲೇ ಮಂಜು ಎದ್ದು ಬರುತ್ತದೆ. ನಮ್ಮ ಅರಬ್ಬಿ ಕಡಲು ಬೆಚ್ಚಗಿನದು. ಇಲ್ಲಿ ಮಂಜು ಹುಟ್ಟುವುದು ನೆಲದಲ್ಲಿ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ಗದ್ದೆ, ತೋಟ ಎಲ್ಲ ಬಿಸಿ ಕಳೆದುಕೊಂಡು ತಣ್ಣಗಾಗುತ್ತವೆ. ಆ ತಂಪು ಗಾಳಿ ಹೊಳೆಯ ಜಾಡು ಹಿಡಿದು ಅಳಿವೆಗೆ ಇಳಿಯುತ್ತದೆ. ಹೊಳೆ ನೀರು ಇನ್ನೂ ಬೆಚ್ಚಗೆ ಇರುವುದರಿಂದ ಮೇಲೆ ಹಬೆ ಏಳುತ್ತದೆ. ಹಾಗಾಗಿ ಹಿಂದಿನ ರಾತ್ರಿ ಅಂಗಳಕ್ಕೆ ಬಂದು ನೋಡಿ. ನಕ್ಷತ್ರ ನಿಚ್ಚಳವಾಗಿ ಕಂಡು, ತೆಂಗಿನ ಗರಿ ಅಲುಗಾಡದೆ ಇದ್ದರೆ ಅಲಾರಂ ಇಡಿ.

ಚಪ್ಪಟೆ ಬಂದದ್ದಕ್ಕೆ ಕಾರಣ ಬೇರೆ. ನೀವು ದಕ್ಕೆಯಲ್ಲಿ ನಿಂತು ಕಡಲಿನ ಕಡೆ ನೋಡಿ ತೆಗೆದಿದ್ದೀರಿ. ನಮಗೆ ಸೂರ್ಯ ಹುಟ್ಟುವುದು ಗುಡ್ಡದ ಕಡೆಯಿಂದ, ಅಂದರೆ ನಿಮ್ಮ ಬೆನ್ನ ಹಿಂದೆ. ಬೆನ್ನ ಬೆಳಕಿನಲ್ಲಿ ಮಂಜು ಸುಣ್ಣದ ಗೋಡೆಯ ಹಾಗೆ. ಕಲ್ಲಿನ ತಡೆಗೋಡೆಯ ಮೇಲೆ ಸ್ವಲ್ಪ ದೂರ ನಡೆದು ತಿರುಗಿ ನಿಲ್ಲಿ, ಬಂದರು ಈಗ ನಿಮ್ಮ ಎದುರಿಗೆ. ಜನವರಿಯಲ್ಲಿ ಏಳರ ಹೊತ್ತಿಗೆ ಸೂರ್ಯ ಬರುತ್ತಾನೆ. ಬೋಟಿನ ಹಿಂದಿನಿಂದ ಬೆಳಕು ಬಂದಾಗ ಮಂಜೇ ದೀಪ ಹಚ್ಚಿದ ಹಾಗೆ ಬೆಳಗುತ್ತದೆ, ಬೋಟು ಕಪ್ಪಾಗುತ್ತದೆ, ಕಂಬದ ಹಗ್ಗವೂ ಎಣಿಸುವ ಹಾಗೆ ಕಾಣುತ್ತದೆ. ಅದು ಹತ್ತು ಹದಿನೈದು ನಿಮಿಷದ ಕೆಲಸ. ಆರೂವರೆಗೇ ಅಲ್ಲಿರಿ. ಇಬ್ಬನಿ ಬಿದ್ದ ಕಲ್ಲು ಜಾರುತ್ತದೆ, ಒಬ್ಬರೇ ಹೋಗಬೇಡಿ.

ಏಸಿ ಕಾರಿನಲ್ಲಿ ಬರುವವರಾದರೆ ಕ್ಯಾಮೆರಾವನ್ನು ಅರ್ಧ ಗಂಟೆ ಚೀಲದಲ್ಲೇ ಬಿಡಿ. ತಣ್ಣಗಿನ ಲೆನ್ಸಿಗೆ ಹೊರಗಿನ ತೇವ ಕೂತು ಬೆವರುತ್ತದೆ. ಅದನ್ನೇ ಕೆಲವರು ಮಂಜು ಅಂದುಕೊಳ್ಳುತ್ತಾರೆ.

ಮಳೆಗಾಲದಲ್ಲೂ ಒಂದು ದಿನ ಹೋಗಿ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ಯಂತ್ರದ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಟ್ರಾಲ್ ಬೋಟುಗಳು ದಡದಲ್ಲೇ ಕಟ್ಟಿರುತ್ತವೆ. ಆಗ ಮಂಜಿನ ಕೆಲಸವನ್ನು ಮಳೆಯ ಪರದೆ ಮಾಡುತ್ತದೆ. ಅದು ಕೆಲಸವಿಲ್ಲದ ಕಾಲ ಎನ್ನುವುದು ನೆನಪಿರಲಿ. ಬಲೆ ಹೊಲಿಯುತ್ತ ಕೂತವರ ಹತ್ತಿರ ಮೊದಲು ಎರಡು ಮಾತಾಡಿ. ಆ ದಿನ ತಡೆಗೋಡೆ ಮಾತ್ರ ಬೇಡ.

ಪ್ರಶ್ನೆ: ಮಂಜು ಸಿಗದಿದ್ದರೆ ಆ್ಯಪಿನಲ್ಲಿ ಹಾಕಿಕೊಳ್ಳಬಹುದಲ್ವಾ?
– ಓದುಗ, ಕುಂಬಳೆ

ಉತ್ತರ: ಬೇಡ. ಸುಲಭದ ಆ್ಯಪುಗಳು ಹತ್ತಿರದ ಹಗ್ಗಕ್ಕೂ ದೂರದ ಬೋಟಿಗೂ ಒಂದೇ ಬಿಳಿ ಬಳಿಯುತ್ತವೆ. ನಿಜವಾದ ಮಂಜು ಹತ್ತಿರದ ಹಗ್ಗವನ್ನು ಮುಟ್ಟುವುದೇ ಇಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ತೋರಿಸಿ. ಯಾವುದು ನಿಜ ಎಂದು ಅವರು ಕೂಡಲೇ ಹೇಳುತ್ತಾರೆ.