ಎದುರಿಗೆ ಜನ ಬಂದರೆ ಓಟ, ದಾಟಿದರೆ ನಿಲುಗಡೆ

ಅವರು ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದದ್ದು ಓಟದ ವಿಷಯಕ್ಕಲ್ಲ. ನಿದ್ದೆ ಸರಿಯಾಗಿ ಬರುವುದಿಲ್ಲ, ಮನೆಯಲ್ಲಿ ಸಣ್ಣ ಮಾತಿಗೂ ರೇಗುತ್ತೇನೆ, ಹಿಡಿದ ಕೆಲಸ ಯಾವುದನ್ನೂ ಮುಗಿಸುವುದಿಲ್ಲ ಎಂಬ ಮೂರು ದೂರುಗಳನ್ನು ತಮ್ಮ ಮೇಲೆಯೇ ಹೊರಿಸಿಕೊಂಡು ಬಂದಿದ್ದರು. ನಲವತ್ತು ದಾಟಿದವರು, ದಿನವಿಡೀ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆಯೂ ಇದೆ.

"ಯಾವುದನ್ನೂ ಮುಗಿಸುವುದಿಲ್ಲ ಅಂದರೆ? ಒಂದು ಉದಾಹರಣೆ ಹೇಳಿ" ಎಂದೆ. ಅವರು ಮೊಬೈಲಿನಲ್ಲಿದ್ದ ಒಂದು ಟಿಪ್ಪಣಿ ತೆರೆದು ನನ್ನ ಮುಂದಿಟ್ಟರು. ಮೂರೇ ಸಾಲು, ಮೂರು ಬೇರೆ ಬೇರೆ ವರ್ಷಗಳವು. ಪ್ರತಿ ಸಾಲಿನಲ್ಲೂ "ಓಟ ಆರಂಭ" ಎಂದು ಒಂದು ದಿನಾಂಕ, ಅದರ ಮುಂದೆ "ಬಿಟ್ಟೆ" ಎಂದು ಇನ್ನೊಂದು. ನಡುವಿನ ಅಂತರ ಯಾವ ಸಾಲಿನಲ್ಲೂ ಎರಡು ವಾರ ದಾಟಿರಲಿಲ್ಲ.

ರಕ್ತದೊತ್ತಡ ಗಡಿಯಲ್ಲಿದೆ, ಸ್ವಲ್ಪ ಮೈ ಬಗ್ಗಿಸಿ ಎಂದು ವೈದ್ಯರು ಹೇಳಿದಾಗಲೆಲ್ಲ ಹೊಸ ಉತ್ಸಾಹ ಬರುತ್ತಿತ್ತು. ಒಳ್ಳೆಯ ಶೂ, ಓಟದ ವೇಗ ತೋರಿಸುವ ಕೈಗಡಿಯಾರ, ಮೊಬೈಲಿನಲ್ಲಿ ಒಂದು ಆ್ಯಪ್, ಎಲ್ಲ ಸಿದ್ಧವಾಗುತ್ತಿದ್ದವು. ಮೊದಲ ದಿನವೇ ಜೋರಾಗಿ ಓಡುತ್ತಿದ್ದರು. ಎರಡು ನಿಮಿಷಕ್ಕೆ ಏದುಸಿರು, ಪಕ್ಕೆಯಲ್ಲಿ ಚುಚ್ಚು, ಮರುದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋವು. "ನನ್ನ ಎದೆಯಲ್ಲಿ ದಮ್ಮೇ ಇಲ್ಲ, ಮೇಡಂ" ಎಂದರು.

ದಮ್ಮಿನ ವಿಚಾರವನ್ನು ಪಕ್ಕಕ್ಕಿಟ್ಟು, ಮನೆಯ ಗೇಟು ದಾಟಿದಲ್ಲಿಂದ ಏನೇನಾಗುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳಲು ಕೇಳಿದೆ. ನನಗೆ ಪ್ರಕರಣದ ಕೀಲಿ ಸಿಕ್ಕಿದ್ದು ಅಲ್ಲಿ. ಸುಸ್ತಾದಾಗ ಅವರು ಸುಮ್ಮನೆ ನಿಲ್ಲುತ್ತಿರಲಿಲ್ಲ. ಬಗ್ಗಿ, ಬಿಚ್ಚದೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನಿಂತದ್ದಕ್ಕೆ ನೋಡುವವರ ಕಣ್ಣಿಗೆ ಒಂದು ಕಾರಣ ಬೇಕಲ್ಲ! ನಡೆಯುತ್ತಿರುವಾಗ ಎದುರಿನಿಂದ ಯಾರಾದರೂ ಬಂದರೆ ತಟ್ಟನೆ ಓಡಲು ಶುರು, ಅವರು ದಾಟಿದ ಮೇಲೆ ಮತ್ತೆ ನಡಿಗೆ. ಅಂದರೆ ಎಷ್ಟು ವೇಗ, ಎಷ್ಟು ಹೊತ್ತು, ಎಲ್ಲಿ ನಿಲುಗಡೆ ಎಂಬುದನ್ನೆಲ್ಲ ದಾರಿಹೋಕರು ನಿರ್ಧರಿಸುತ್ತಿದ್ದರು. ಹೃದಯಕ್ಕೂ ಕಾಲಿಗೂ ಅಲ್ಲಿ ಮಾತೇ ಇರಲಿಲ್ಲ.

"ಇದಕ್ಕೂ ಮೊದಲು ನೀವು ಕೊನೆಯ ಸಲ ಓಡಿದ್ದು ಯಾವಾಗ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿದರು. ಶಾಲೆಯಲ್ಲಿ, ಎಂಟನೇ ತರಗತಿಯಲ್ಲಿ. ಡ್ರಿಲ್ ಮೇಷ್ಟ್ರು ಎಲ್ಲರಿಗಿಂತ ಕೊನೆಗೆ ಬಂದವನಿಗೆ ಇನ್ನೆರಡು ಸುತ್ತು ಹೆಚ್ಚಿಗೆ ಓಡಿಸುತ್ತಿದ್ದರಂತೆ, ಉಳಿದವರು ಮೈದಾನದ ಅಂಚಿನಲ್ಲಿ ಕುಳಿತು ನೋಡುತ್ತಿದ್ದರಂತೆ. ಕೊನೆಗೆ ಬರುತ್ತಿದ್ದವರು ಬಹುತೇಕ ಇವರೇ. ಓಟವನ್ನು ಶಿಕ್ಷೆಯಾಗಿ ಕಲಿತ ಮೈ ಮೂವತ್ತು ವರ್ಷಗಳ ಮೇಲೂ ಅದನ್ನು ಶಿಕ್ಷೆಯಾಗಿಯೇ ಅನುಭವಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ? ಇಂಥ ಮೇಷ್ಟ್ರುಗಳ ನೆರಳನ್ನು ನಾನು ಎಷ್ಟು ಜನರ ಬೆನ್ನ ಹಿಂದೆ ಕಂಡಿದ್ದೇನೋ!

ಮೊದಲ ಸಲಹೆ ತೀರಾ ನೀರಸವಾದದ್ದು: ವೈದ್ಯರಿಗೆ "ಓಡಬೇಕೆಂದಿದ್ದೇನೆ" ಎಂದು ಸ್ಪಷ್ಟವಾಗಿ ಹೇಳಿ ಒಪ್ಪಿಗೆ ಪಡೆಯಿರಿ. ವಯಸ್ಸು ನಲವತ್ತು ದಾಟಿದೆ, ರಕ್ತದೊತ್ತಡ ಗಡಿಯಲ್ಲಿದೆ, ವರ್ಷಗಟ್ಟಲೆ ಮೈ ಕದಲಿಲ್ಲ. ಓಡುವಾಗ ಎದೆ ಬಿಗಿತ, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅದನ್ನು ಮನೋಬಲದಿಂದ ಗೆಲ್ಲುವ ಮಾತೇ ಇಲ್ಲ, ನಿಲ್ಲಬೇಕು, ತೋರಿಸಬೇಕು. ವೈದ್ಯರು ಒಪ್ಪಿದರು. ಅದಾದ ಮೇಲೆಯೇ ಮುಂದಿನ ಮಾತು.

ನಾನು ಓಟದ ತರಬೇತುದಾರಳಲ್ಲ. ಆದರೆ ಶೂನ್ಯದಿಂದ ಆರಂಭಿಸುವವರಿಗಾಗಿ ಜೋಶ್ ಕ್ಲಾರ್ಕ್ ಎಂಬ ಅಮೆರಿಕದವರು 1996ರಲ್ಲಿ ರೂಪಿಸಿದ ಒಂಬತ್ತು ವಾರಗಳ ಕ್ರಮ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹೊಸದೊಂದನ್ನು ಹೊಸೆಯುವ ಅಗತ್ಯ ನನಗೆ ಕಾಣಲಿಲ್ಲ. ಮೊದಲ ವಾರ ಐದು ನಿಮಿಷ ಬಿರುಸಿನ ನಡಿಗೆ. ನಂತರ ಇಪ್ಪತ್ತು ನಿಮಿಷಗಳ ಕಾಲ 60 ಸೆಕೆಂಡು ನಿಧಾನ ಓಟ, 90 ಸೆಕೆಂಡು ನಡಿಗೆ, ಹೀಗೆ ಸರದಿಯಲ್ಲಿ. ವಾರಕ್ಕೆ ಮೂರೇ ದಿನ.

ಅವರಿಗೆ ನಗು ಬಂತು. "ಅರವತ್ತು ಸೆಕೆಂಡೇ? ಇದು ಮಕ್ಕಳಾಟ ಆಯಿತಲ್ಲ!"

ಎರಡು ನಿಮಿಷಕ್ಕೆ ಕುಸಿಯುತ್ತಿದ್ದವರಿಗೆ ಒಂದು ನಿಮಿಷ ಅವಮಾನವೆನಿಸಿತ್ತು. ಈ ಅವಮಾನದ ಬಗ್ಗೆಯೇ ಒಂದಿಡೀ ಭೇಟಿಯನ್ನು ಕಳೆದೆವು. ನಾನು ಹೇಳಿದ್ದಿಷ್ಟು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲಕ್ಕಿಟ್ಟ ಕಾಲಿನ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಉಸಿರು ಮತ್ತು ಹೃದಯ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಆದ್ದರಿಂದ "ಈಗ ಸಲೀಸಾಗಿದೆ" ಎನಿಸುವ ಹೊತ್ತೇ ಗಾಯಗಳ ಹೊತ್ತು. ನಡುವಿನ ನಡಿಗೆ ಸೋಲಿನ ಗುರುತಲ್ಲ, ಕ್ರಮದ ಒಂದು ಭಾಗ. ಅದನ್ನು ಗಡಿಯಾರ ನೋಡಿ, ಸುಸ್ತಾಗುವ ಮೊದಲೇ ಮಾಡಬೇಕು. ಆಗ ಲೇಸು ಕಟ್ಟುವ ಪ್ರಮೇಯವೇ ಬರುವುದಿಲ್ಲ.

ವೇಗಕ್ಕೆ ಒಂದೇ ಅಳತೆ ಕೊಟ್ಟೆ. ಓಡುತ್ತಲೇ ಒಂದು ಪೂರ್ತಿ ವಾಕ್ಯವನ್ನು ತಡವರಿಸದೆ ಹೇಳಲು ಬಂದರೆ ಸರಿ, ಬರದಿದ್ದರೆ ವೇಗ ಇಳಿಸಿ. ಇಳಿಸಿ ಇಳಿಸಿ ಅದು ಬಿರುನಡಿಗೆಗಿಂತ ನಿಧಾನವಾದರೂ ಚಿಂತೆಯಿಲ್ಲ. ಕೈಗಡಿಯಾರದ ವೇಗದ ಎಚ್ಚರಿಕೆಯನ್ನು ಅಲ್ಲೇ ನನ್ನೆದುರಿಗೇ ಆಫ್ ಮಾಡಿಸಿದೆ. ಇದಕ್ಕೆ ಮನಸ್ಸಿನ ಕಡೆಯಿಂದಲೂ ಕಾರಣವಿದೆ. ಏದುಸಿರಿನ ಮಟ್ಟ ದಾಟಿ ಶ್ರಮಪಟ್ಟಾಗ ಬಹುತೇಕ ಜನರಿಗೆ ವ್ಯಾಯಾಮ ಅಹಿತವಾಗುತ್ತದೆ, ಹಾಗೆ ಅಹಿತವಾದದ್ದಕ್ಕೆ ಮತ್ತೆ ಮತ್ತೆ ಮರಳುವವರು ಕಡಿಮೆ. ಮೂರು ಸಲವೂ ಇವರು ಓಟಕ್ಕಿಂತ ಹೆಚ್ಚಾಗಿ ಓಟದ ಮೇಲಿನ ಜುಗುಪ್ಸೆಯನ್ನು ಅಭ್ಯಾಸ ಮಾಡಿದ್ದರು.

ನೋಡುವವರ ಕಣ್ಣಿನ ಭಯ ಮಾತ್ರ ತರ್ಕಕ್ಕೆ ಬಗ್ಗಲಿಲ್ಲ. 2000ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳಿದೆ: ಮುಜುಗರ ಹುಟ್ಟಿಸುವ ಚಿತ್ರವಿದ್ದ ಟಿ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳುಹಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲು ಭಾಗ. ಅವರು ತಲೆಯಾಡಿಸಿದರು, ನಂಬಲಿಲ್ಲ. ಸರಿ, ನೀವೇ ಪರೀಕ್ಷಿಸಿ ಎಂದೆ. ಮುಂದಿನ ಸಲ ಹೋದಾಗ ಎಂದಿನಂತೆ ಹೋಗಿ ಬನ್ನಿ. ಮನೆಗೆ ಬಂದ ಕೂಡಲೇ, ದಾರಿಯಲ್ಲಿ ಕಂಡ ಐದು ಜನರ ಬಟ್ಟೆಯ ಬಣ್ಣ, ಅವರು ನಡೆಯುತ್ತಿದ್ದರೋ ಓಡುತ್ತಿದ್ದರೋ ಬರೆದಿಡಿ. ಮರುಭೇಟಿಗೆ ತಂದ ಹಾಳೆಯಲ್ಲಿ ಒಂದು ನಾಯಿ ಇತ್ತು, ಕೆಂಪು ಕೊಡೆ ಹಿಡಿದ ಒಬ್ಬ ಹೆಂಗಸು ಇದ್ದರು. ಅಷ್ಟೇ. "ಮೂವತ್ತು ಜನರಾದರೂ ಎದುರಾಗಿರಬೇಕು ಮೇಡಂ, ಒಬ್ಬರ ಮುಖವೂ ನೆನಪಿಲ್ಲ" ಎಂದು ತಾವೇ ಬೆರಗಾದರು. ಭಯ ಪೂರ್ತಿ ಹೋಯಿತೆಂದಲ್ಲ, ಆದರೆ ಅದಕ್ಕೆ ವೇಗ ನಿರ್ಧರಿಸುವ ಅಧಿಕಾರ ತಪ್ಪಿತು.

ಮನೆಯಲ್ಲಿ ಇನ್ನೊಂದು ತೊಡಕಿತ್ತು. ಹೆಂಡತಿಗೆ ಇವರ ಆರೋಗ್ಯದ ಕಾಳಜಿ ನಿಜವಾದದ್ದೇ. ಆದರೆ "ಏನು ರೀ, ಇವತ್ತು ಹೋಗಲಿಲ್ಲವೇ?" ಎಂಬ ಪ್ರತಿ ಬೆಳಗಿನ ಪ್ರಶ್ನೆ ಇವರ ಕಿವಿಗೆ ಮೇಷ್ಟ್ರ ಸೀಟಿಯಂತೆ ಕೇಳುತ್ತಿತ್ತು, ರೇಗಾಟದ ಅರ್ಧ ಪಾಲು ಅಲ್ಲಿಂದಲೇ ಹೊರಡುತ್ತಿತ್ತು. ಆಕೆಯನ್ನು ಒಮ್ಮೆ ಕರೆಸಿ, ಓಟದ ಬಗ್ಗೆ ಅವರಾಗಿ ಹೇಳದೆ ನೀವಾಗಿ ಕೇಳಬೇಡಿ, ಹೊಟ್ಟೆ ಕರಗಿದೆಯೇ ಎಂದು ಅಳೆಯಲೂ ಬೇಡಿ ಎಂದು ಕೇಳಿಕೊಂಡೆ. "ಕೇಳದಿದ್ದರೆ ಹೋಗುವುದೇ ಇಲ್ಲವಲ್ಲ" ಎಂದರು ಆಕೆ. ಕೇಳಿದಾಗಲೂ ಹೋಗಿರಲಿಲ್ಲ ಎಂದಾಗ ಇಬ್ಬರೂ ನಕ್ಕರು. ತೂಕದ ಯಂತ್ರವನ್ನೂ ಸದ್ಯಕ್ಕೆ ಮಂಚದ ಕೆಳಗೆ ಸರಿಸಲು ಹೇಳಿದೆ. ಮೊದಲ ವಾರಗಳಲ್ಲಿ ಅದರ ಮುಳ್ಳು ಹೆಚ್ಚಾಗಿ ಅಲ್ಲಾಡುವುದಿಲ್ಲ, ಓಟ ನಿಲ್ಲಿಸಲು ಅದೊಂದು ನೆಪ ಸಾಕು. ಬದಲಿಗೆ, ಓಡಿ ಬಂದ ಮೇಲೆ ಒಂದೇ ಸಾಲು ಬರೆಯಬೇಕು: ಇನ್ನೂ ಒಂದು ಸುತ್ತು ಆಗುತ್ತಿತ್ತೇ, ಇಲ್ಲವೇ? ಆಗುತ್ತಿತ್ತು ಎಂದು ಬರೆದ ದಿನವೇ ಸರಿಯಾದ ದಿನ.

ನಾಲ್ಕನೇ ವಾರದಲ್ಲಿ ಎರಡು ಸಂಕಟಗಳು ಒಟ್ಟಿಗೆ ಬಂದವು. ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ ಮೂಳೆಯ ಒಳಬದಿಯಲ್ಲಿ ನೋವು. ಅದನ್ನು ಅವರು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರು, ನೆಪ ಹುಡುಕುತ್ತಿದ್ದಾನೆ ಎಂದುಕೊಂಡಾರು ಎಂದು! ಎರಡೂ ಕಾಲುಗಳಲ್ಲಿ ಹರಡಿಕೊಂಡು ಎರಡು ಮೂರು ದಿನದಲ್ಲಿ ಇಳಿಯುವ ಸ್ನಾಯು ನೋವೇ ಬೇರೆ. ಒಂದೇ ಕಡೆ ನಿಂತು, ಓಡಿದಂತೆ ಏರುವ, ಬೆರಳಿಟ್ಟು ತೋರಿಸಬಹುದಾದ ನೋವೇ ಬೇರೆ. ಎರಡನೆಯದಕ್ಕೆ ಓಟ ನಿಲ್ಲಿಸಿ ತೋರಿಸಲೇಬೇಕು ಎಂದು ಕಳುಹಿಸಿದೆ. ಭಾರ ಬೇಗ ಹೆಚ್ಚಾದದ್ದರ ನೋವು, ವಿಶ್ರಾಂತಿ ಬೇಕು ಎಂದಾಯಿತು. ಅದು ಇಳಿಯುವಷ್ಟರಲ್ಲಿ ಕಚೇರಿಯ ವರ್ಷಾಂತ್ಯದ ಒತ್ತಡ. ಒಟ್ಟು ಮೂರು ವಾರ ತಪ್ಪಿತು. ಮುಂದಿನ ಭೇಟಿಯಲ್ಲಿ ಮೊಬೈಲ್ ಟಿಪ್ಪಣಿಗೆ ನಾಲ್ಕನೇ ಸಾಲು ಸೇರಿಸಿಕೊಂಡೇ ಬಂದಿದ್ದರು: "ಬಿಟ್ಟೆ".

ಆ ಪದವನ್ನು ಅಳಿಸಿ "ನಿಂತಿದೆ" ಎಂದು ಬರೆಯಿರಿ ಎಂದೆ. ಒಂದು ಅಧ್ಯಯನವನ್ನೂ ಅವರ ಮುಂದಿಟ್ಟೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ದಿನನಿತ್ಯದ ಹೊಸ ಅಭ್ಯಾಸಗಳನ್ನು ಗಮನಿಸಿದಾಗ, ಅವು ತಾವಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಆದರೆ ಆ ಅವಧಿ 18 ದಿನಗಳಿಂದ 254 ದಿನಗಳವರೆಗೆ ಹರಡಿಕೊಂಡಿತ್ತು, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಿರಲಿಲ್ಲ. ಮೂರು ವಾರ ಒಂದು ದಿನವಲ್ಲ, ನಿಜ. ಅದಕ್ಕೇ ಬಿಟ್ಟಲ್ಲಿಂದ ಮುಂದುವರಿಸದೆ ಎರಡನೇ ವಾರದ ಪಾಠಕ್ಕೆ ಇಳಿಯಿರಿ ಎಂದು ಹೇಳಿದೆ. ಯಾವ ವಾರವನ್ನಾದರೂ ಎಷ್ಟು ಸಲ ಬೇಕಾದರೂ ಪುನರಾವರ್ತಿಸಬಹುದು; ಒಂಬತ್ತು ವಾರ ಎಂಬುದು ಯಾರೋ ಹಾಕಿದ ಗೀಟು.

ಅವರಿಗೆ ಒಂಬತ್ತು ವಾರಗಳ ಕ್ರಮ ಮುಗಿಯಲು ಐದು ತಿಂಗಳ ಮೇಲೆ ಹಿಡಿಯಿತು. ಈಗ ನಿಲ್ಲದೆ ಅರ್ಧ ಗಂಟೆ ಓಡುತ್ತಾರೆ, ಬಹಳ ನಿಧಾನವಾಗಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣವನ್ನು ಓಟ, ನಡಿಗೆ ಎರಡೂ ಸೇರಿ ಮುಟ್ಟುತ್ತಾರೆ. ಓಡಿದ ದಿನ ನಿದ್ದೆ ಮೊದಲಿಗಿಂತ ಚೆನ್ನಾಗಿದೆ ಎನ್ನುತ್ತಾರೆ. ರೇಗುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅದಕ್ಕೆ ಓಟದ ಹೊರಗೂ ಕಾರಣಗಳಿವೆ, ಆ ಮಾತುಕತೆ ನಮ್ಮ ನಡುವೆ ಮುಂದುವರಿದಿದೆ.

ಇದೇ ಸಲಹೆಯನ್ನು ಎಲ್ಲರಿಗೂ ಕೊಡುವುದಿಲ್ಲ. ತಿಂದದ್ದಕ್ಕೆ ಪ್ರಾಯಶ್ಚಿತ್ತವಾಗಿ ಓಡುವವರು, ಒಂದು ದಿನ ತಪ್ಪಿದರೆ ಊಟ ಬಿಡುವವರು ಬಂದರೆ ಮೊದಲು ಓಟವನ್ನೇ ನಿಲ್ಲಿಸಲು ಹೇಳಿ ಮನೋವೈದ್ಯರಲ್ಲಿಗೆ ಕಳುಹಿಸುತ್ತೇನೆ. ಹಾಸಿಗೆಯಿಂದ ಏಳುವುದೇ ದುಸ್ತರವಾಗಿರುವ ಖಿನ್ನತೆಯಲ್ಲಿರುವವರಿಗೆ ಅರವತ್ತು ಸೆಕೆಂಡೂ ಹೆಚ್ಚು. ಅವರಿಗೆ ಚಿಕಿತ್ಸೆ ಮೊದಲು, ಬಾಗಿಲವರೆಗಿನ ನಡಿಗೆ ಆಮೇಲೆ, ಓಟದ ಮಾತು ಅವರಾಗಿ ಎತ್ತಿದಾಗ.