ಕಿಟ್ ಕಾರಿನ ಹಿಂದಿನ ಚಕ್ರಗಳ ಅಲೈನ್‌ಮೆಂಟ್: ಚಕ್ರದಿಂದ ಚಕ್ರಕ್ಕೆ ಅಳೆಯಬೇಡಿ, ಚಾಸಿಯ ನಡುಗೆರೆಯಿಂದ ಅಳೆಯಿರಿ

ನೀವೇ ಬಿಡಿಭಾಗಗಳಿಂದ ಜೋಡಿಸಿದ ನಿಮ್ಮ ಕಿಟ್ ಕಾರಿಗೆ ಹಿಂದೆ ಎರಡೂ ಕಡೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ತೋಳು, ಮೇಲೊಂದು ಕೆಳಗೊಂದು) ಇದೆ, ಆ ತೋಳುಗಳ ಉದ್ದ ಹೊಂದಿಸೋಕೆ ರಾಡ್ ಎಂಡ್‌ಗಳಿವೆ (ತುದಿಗೆ ತಿರುಗಿಸಿ ಕೂರಿಸುವ ಥ್ರೆಡ್ ಇರುವ ಕೀಲು). ನೇರ ರಸ್ತೆಯಲ್ಲೂ ಸ್ಟೀರಿಂಗ್ ಎಡಕ್ಕೆ ವಾರೆ ಹಿಡಿಯಬೇಕು, ಬಲ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರುತ್ತದೆ ಅಂತ ಬರೆದಿದ್ದೀರಿ. ಎರಡು ಹಿಂದಿನ ಚಕ್ರಗಳ ನಡುವೆ ಅಳೆದಾಗ ಟೋ (ಮೇಲಿನಿಂದ ನೋಡಿದರೆ ಚಕ್ರದ ಮುಂದಿನ ಅಂಚು ಎಷ್ಟು ಒಳಗೆ ಅಥವಾ ಹೊರಗೆ ತಿರುಗಿದೆ ಅನ್ನೋದು) ಮಾತ್ರ ಸರಿಯಾಗಿ 2 ಮಿ.ಮೀ. ಒಳಗೆ ಇದೆ. ಹಾಗಾದರೆ ತಪ್ಪೆಲ್ಲಿ ಅನ್ನೋದು ಪ್ರಶ್ನೆ.

ನಾನು ಕಟ್ಟಿದ ಕಾರಿನಲ್ಲೂ ಇದೇ ಕಾಟ ಇತ್ತು. ತಪ್ಪಿದ್ದದ್ದು ಅಳೆದ ರೀತಿಯಲ್ಲಿ. ಚಕ್ರದಿಂದ ಚಕ್ರಕ್ಕೆ ಅಳೆದರೆ ಎರಡರ ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ಬಲ ಚಕ್ರ 5 ಮಿ.ಮೀ. ಒಳಗೆ, ಎಡ ಚಕ್ರ 3 ಮಿ.ಮೀ. ಹೊರಗೆ ತಿರುಗಿದ್ದರೂ ಒಟ್ಟು 2 ಒಳಗೆ ಅಂತಲೇ ಬರುತ್ತದೆ, ಅಲ್ವಾ? ಆದರೆ ಆಗ ಎರಡೂ ಚಕ್ರಗಳು ಎಡಕ್ಕೆ ಮುಖ ಮಾಡಿರುತ್ತವೆ. ಕಾರಿನ ಹಿಂಭಾಗ ಎಡಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ನೀವು ಸ್ಟೀರಿಂಗ್ ಎಡಕ್ಕೆ ಹಿಡಿಯುತ್ತೀರಿ, ಕಾರು ಏಡಿಯ ಹಾಗೆ ಓರೆಯಾಗಿ ಸಾಗುತ್ತದೆ. ಬಲ ತಿರುವಿನಲ್ಲಿ ಭಾರವೆಲ್ಲ ಬೀಳುವುದು ಹೊರಗೆ ತಿರುಗಿರುವ ಆ ಎಡ ಚಕ್ರದ ಮೇಲೇ. ಅದಕ್ಕೇ ಜಾರುವುದು. ಎಡ ತಿರುವಿನಲ್ಲಿ ಅಷ್ಟಾಗಿ ಜಾರದಿದ್ದರೆ ನನ್ನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಹಾಗಾಗಿ ಮೊದಲು ಚಾಸಿಯ ನಡುಗೆರೆ ಹಿಡಿಯಿರಿ. ಬಾಡಿಯಿಂದ ಅಳೆಯಬೇಡಿ. ಫೈಬರ್ ಬಾಡಿ ಎಷ್ಟೇ ಚೆನ್ನಾಗಿ ಕೂತಿದ್ದರೂ ನಾಲ್ಕೈದು ಮಿ.ಮೀ. ಆಚೀಚೆ ಇರಬಹುದು. ಕೆಳಗಿನ ವಿಶ್‌ಬೋನ್‌ಗಳು ಚಾಸಿಗೆ ಸೇರುವ ಬೋಲ್ಟ್‌ಗಳಿಂದ ತೂಗುಗುಂಡು ಇಳಿಬಿಟ್ಟು, ಮುಂದೆ ಎರಡು, ಹಿಂದೆ ಎರಡು ಗುರುತು ನೆಲದ ಮೇಲೆ ಹಾಕಿ. ಪ್ರತಿ ಜೋಡಿಯ ಮಧ್ಯ ಹಿಡಿದು ಗೆರೆ ಎಳೆಯಿರಿ. ಈಗ ಎರಡು ನೇರ ಪೈಪ್ ತೆಗೆದುಕೊಂಡು ಒಂದನ್ನು ಚಾಸಿಯ ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಅಡ್ಡಲಾಗಿ ಬಿಗಿಯಿರಿ. ಎರಡರಲ್ಲೂ ನಡುಗೆರೆಯಿಂದ ಎಡಕ್ಕೂ ಬಲಕ್ಕೂ ಒಂದೇ ದೂರದಲ್ಲಿ ಗರಗಸದಿಂದ ಸಣ್ಣ ಕಚ್ಚು ಹಾಕಿ, ಚಕ್ರಗಳ ಹೊರಗಡೆ, ಅವುಗಳ ನಡುಮಟ್ಟಕ್ಕೆ ಗಾಳದ ದಾರ ಬಿಗಿಯಾಗಿ ಕಟ್ಟಿ. ದಾರ ಚಾಸಿಗೇ ಅಂಟಿಕೊಂಡಿರುವುದರಿಂದ ಕಾರನ್ನು ಹಿಂದೆ ಮುಂದೆ ಉರುಳಿಸಿದರೂ ಜೊತೆಗೇ ಬರುತ್ತದೆ. ಮುಂದಿನ, ಹಿಂದಿನ ಚಕ್ರಗಳ ಅಗಲ ಬೇರೆ ಬೇರೆ ಇದ್ದರೂ ತೊಂದರೆ ಇಲ್ಲ. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ. ಮುಂದಿನ ಎಲ್ಲ ಅಳತೆಯೂ ಈ ದಾರದ ಮೇಲೇ ನಿಂತಿದೆ.

ಅಳೆಯುವ ಮುಂಚೆ ಟಯರ್ ಗಾಳಿ ಸರಿಮಾಡಿ, ಟ್ಯಾಂಕ್ ಅರ್ಧ ತುಂಬಿಸಿ, ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟು ತೂಕ ಇಡಿ. ಕಾರಿನ ಎತ್ತರ ಮೊದಲು, ಕ್ಯಾಂಬರ್ (ಚಕ್ರದ ವಾಲು) ಆಮೇಲೆ, ಟೋ ಕೊನೆಗೆ. ಈ ಕ್ರಮ ತಪ್ಪಿಸಬೇಡಿ. ಎತ್ತರ ಬದಲಾದರೆ ಉಳಿದೆರಡೂ ಬದಲಾಗುತ್ತವೆ. ಜಾಕ್ ಇಳಿಸಿದ ಕೂಡಲೇ ಅಳೆಯಲೂ ಬೇಡಿ. ಚಕ್ರ ಒಳಗೆ ಮಡಚಿಕೊಂಡೇ ಇರುತ್ತದೆ, ಎರಡು ಮೂರು ಮೀಟರ್ ಉರುಳಿಸಿದರೆ ತನ್ನ ಜಾಗಕ್ಕೆ ಬರುತ್ತದೆ.

ಕ್ಯಾಂಬರ್ ಅಂದರೆ ಚಕ್ರದ ಮೇಲ್ತುದಿ ಎಷ್ಟು ವಾಲಿದೆ ಅನ್ನೋದು. ರಿಮ್‌ಗೆ ತೂಗುಗುಂಡು ಹಿಡಿದು ಅಳೆದರೆ ಸಾಕು. 15 ಇಂಚಿನ ರಿಮ್ ಅಂದರೆ ಸುಮಾರು 381 ಮಿ.ಮೀ. ಅದರಲ್ಲಿ ಮೇಲ್ತುದಿಗೂ ಕೆಳತುದಿಗೂ 6.6 ಮಿ.ಮೀ. ವ್ಯತ್ಯಾಸ ಇದ್ದರೆ 1 ಡಿಗ್ರಿ. ಕಿಟ್ ಜೊತೆ ಕೊಟ್ಟ ಅಂಕಿ ಇದ್ದರೆ ಅದನ್ನೇ ಇಡಿ. ಇಲ್ಲದಿದ್ದರೆ ರಸ್ತೆಯ ಓಡಾಟಕ್ಕೆ ಒಳಗೆ 1 ಡಿಗ್ರಿಯಿಂದ ಶುರು ಮಾಡಿ. (ಜಾಗ್ವಾರ್ ಇ-ಟೈಪ್‌ನಲ್ಲಿ 1961ರಲ್ಲಿ ಬಂದ ಹಿಂದಿನ ಸಸ್ಪೆನ್ಷನ್ ಹಾಕಿದ ಕಿಟ್ ಕಾರುಗಳಲ್ಲಿ ರಾಡ್ ಎಂಡ್ ಹುಡುಕಬೇಡಿ. ಅದರಲ್ಲಿ ಡ್ರೈವ್‌ಶಾಫ್ಟೇ ಮೇಲಿನ ತೋಳು, ಕ್ಯಾಂಬರ್ ಹೊಂದಿಸುವುದು ಶಾಫ್ಟ್ ಮತ್ತು ಬ್ರೇಕ್ ಡಿಸ್ಕ್ ನಡುವೆ ಹಾಕುವ ಶಿಮ್‌ಗಳಿಂದ, ಅಂದರೆ ತೆಳು ಲೋಹದ ಬಿಲ್ಲೆಗಳಿಂದ.)

ಇನ್ನು ಟೋ. ದಾರದಿಂದ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ದೂರ ಅಳೆಯಿರಿ. ರಿಮ್ ಸ್ವಲ್ಪ ಸೊಟ್ಟ ಇರಬಹುದು, ಅದಕ್ಕೆ ಚಕ್ರ ಅರ್ಧ ಸುತ್ತು ಉರುಳಿಸಿ ಇನ್ನೊಮ್ಮೆ ಅಳೆದು ಸರಾಸರಿ ಹಿಡಿಯಿರಿ. ಪ್ರತಿ ಕಡೆಯಲ್ಲೂ ಮುಂದಿನ ಅಂಚು ದಾರದಿಂದ 1 ಮಿ.ಮೀ. ಜಾಸ್ತಿ ದೂರ ಇರಲಿ. ಅಂದರೆ ಸುಮಾರು 0.15 ಡಿಗ್ರಿ ಒಳಗೆ. ಹಿಂದಿನ ಚಕ್ರ ಹೊರಗೆ ತಿರುಗೋದು ಮಾತ್ರ ಯಾವತ್ತೂ ಬೇಡ.

ಇಲ್ಲಿ ಕೈ ತುಂಬ ಹಗುರ ಇರಬೇಕು. ನಿಮ್ಮದು ಎಂ12 (12 ಮಿ.ಮೀ. ದಪ್ಪದ) ರಾಡ್ ಎಂಡ್, ಒಂದು ಸುತ್ತಿಗೆ 1.75 ಮಿ.ಮೀ. ಸರಿಯುವ ಥ್ರೆಡ್ ಅಂದುಕೊಳ್ಳಿ. ಹಬ್ (ಚಕ್ರ ಕೂರುವ ಭಾಗ) ಹಿಡಿದಿರುವ ಎರಡು ಬಿಂದುಗಳ ನಡುವೆ 250 ಮಿ.ಮೀ. ಇದ್ದರೆ, ಒಂದೇ ಒಂದು ಸುತ್ತಿಗೆ ಚಕ್ರ 0.4 ಡಿಗ್ರಿ ತಿರುಗುತ್ತದೆ. ರಿಮ್ ಮೇಲೆ ಅದು 2.7 ಮಿ.ಮೀ. ನಿಮಗೆ ಬೇಕಿರೋದೇ 1 ಮಿ.ಮೀ! ಬೋಲ್ಟ್ ಬಿಚ್ಚಿ ಅರ್ಧ ಸುತ್ತು ತಿರುಗಿಸಿ, ಉರುಳಿಸಿ, ಅಳೆಯಿರಿ. ಲಾಕ್ ನಟ್ ಬಿಗಿಯುವಾಗ ಟೋ ಅಲ್ಲಾಡುತ್ತದೆ, ಹಾಗಾಗಿ ಬಿಗಿದ ಮೇಲೆ ಮತ್ತೆ ಅಳೆಯಲೇಬೇಕು. ಥ್ರೆಡ್ ಒಳಗೆ ಕನಿಷ್ಠ 18 ಮಿ.ಮೀ. ಉಳಿದಿದೆಯಾ ಅಂತಲೂ ನೋಡಿ. ಅಷ್ಟು ಇಲ್ಲದಿದ್ದರೆ ಇನ್ನು ತಿರುಗಿಸಬೇಡಿ. ತಪ್ಪು ಬ್ರಾಕೆಟ್‌ನಲ್ಲೋ ವಿಶ್‌ಬೋನ್‌ನಲ್ಲೋ ಇದೆ.

ಇಷ್ಟಾದರೂ ಉಬ್ಬುತಗ್ಗಿನಲ್ಲಿ ಕಾರು ಅತ್ತಿತ್ತ ಎಳೆದರೆ ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಇದ್ದ ಎತ್ತರದಿಂದ 10 ಮಿ.ಮೀ.ನಂತೆ 50ರವರೆಗೆ ಎತ್ತುತ್ತಾ ಪ್ರತಿ ಹಂತದಲ್ಲೂ ಟೋ ಬರೆದುಕೊಳ್ಳಿ. ಎತ್ತಿದಂತೆ ಹೊರಗೆ ತಿರುಗುತ್ತಿದ್ದರೆ ಟೋ ಹಿಡಿದಿರುವ ತೋಳಿನ ಒಳತುದಿಯ ಎತ್ತರ ಬದಲಿಸಬೇಕಾಗುತ್ತದೆ.

ಹಿಂದಿನದು ಮುಗಿಯುವವರೆಗೆ ಮುಂದಿನ ಚಕ್ರಗಳನ್ನು ಮುಟ್ಟಬೇಡಿ. ಆಮೇಲೆ ಸ್ಟೀರಿಂಗ್ ನೇರ ಹಿಡಿದು ಕಟ್ಟಿಹಾಕಿ, ಅದೇ ದಾರದಿಂದ ಮುಂದಿನ ಟೋ ಹೊಂದಿಸಿ. ನೂರು ಕಿ.ಮೀ. ಓಡಿಸಿದ ಮೇಲೆ ದಾರ ಮತ್ತೊಮ್ಮೆ ಕಟ್ಟಿ ನೋಡಿ. ಪೈಪ್‌ಗಳನ್ನು ಬಿಸಾಡಬೇಡಿ.