ಸರ್ವರ್‌ನಲ್ಲಿ ಪ್ರಿಂಟ್ ಸ್ಪೂಲರ್ ಪದೇ ಪದೇ ನಿಂತುಹೋದರೆ ಏನು ಮಾಡಬೇಕು?

ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಪ್ರಿಂಟರ್‌ಗೆ ಕಳಿಸುವ ವಿಂಡೋಸ್ ಸೇವೆಯಾದ ಸ್ಪೂಲರ್ ಅನ್ನು ರೀಸ್ಟಾರ್ಟ್ ಮಾಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಹೀಗಾದರೆ ಎರಡು ಕಡೆ ನೋಡಬೇಕು: ಸಿಕ್ಕಿಕೊಂಡ ಪ್ರಿಂಟ್ ಕೆಲಸ, ಇಲ್ಲವೇ ಕೆಟ್ಟ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್).

ಮೊದಲನೆಯದು ಸುಲಭ. ಸ್ಪೂಲರ್ ಸೇವೆಯನ್ನು ನಿಲ್ಲಿಸಿ. ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರ್‌ನಲ್ಲಿ ಪ್ರಿಂಟರ್ಸ್ ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಫೈಲುಗಳನ್ನು ಮಾತ್ರ ಅಳಿಸಿ, ಫೋಲ್ಡರ್ ಅನ್ನು ಬಿಡಿ. ಸೇವೆ ಮತ್ತೆ ಶುರು ಮಾಡಿ. ಸಾಲಿನಲ್ಲಿದ್ದ ಎಲ್ಲರ ಪ್ರಿಂಟ್‌ಗಳೂ ಹೋಗುತ್ತವೆ, ಮೊದಲೇ ಹೇಳಿಬಿಡಿ.

ಆದರೂ ನಿಲ್ಲುತ್ತಿದ್ದರೆ ಡ್ರೈವರ್ ಮೇಲೆ ಅನುಮಾನ ಪಡಿ. ಸುಮ್ನೆ ಊಹಿಸಿ ಒಂದೊಂದೇ ಡ್ರೈವರ್ ತೆಗೆಯಬೇಡಿ. ವಿಂಡೋಸ್ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 1000 ಸಂಖ್ಯೆಯ ದಾಖಲೆ ಹುಡುಕಿ. ಅದರಲ್ಲಿ ಸ್ಪೂಲರ್ ಹೆಸರಿನ ಜೊತೆ ತಪ್ಪು ನಡೆದ ಮಾಡ್ಯೂಲ್‌ನ ಹೆಸರೂ ಇರುತ್ತದೆ. ಮಾಡ್ಯೂಲ್ ಎಂದು ಪ್ರತಿ ಸಲ ಒಂದೇ ಡಿಎಲ್‌ಎಲ್ (ಪ್ರೋಗ್ರಾಂಗಳು ಬಳಸುವ ಕೋಡ್ ಫೈಲ್) ಕಂಡರೆ, ಅದರ ಪ್ರಾಪರ್ಟೀಸ್ ತೆರೆದು ಯಾವ ಕಂಪನಿಯದು ನೋಡಿ. ಕೆಲವೊಮ್ಮೆ ವಿಂಡೋಸ್‌ನದ್ದೇ ಫೈಲಿನ ಹೆಸರು ಬರುತ್ತದೆ. ಆಗಲೂ ಡ್ರೈವರ್ ತಪ್ಪಿಲ್ಲ ಎಂದುಕೊಳ್ಳಬೇಡಿ. ಡ್ರೈವರ್ ಹಾಳುಮಾಡಿದ ಮೆಮೊರಿಯಿಂದ ಬೇರೆ ಮಾಡ್ಯೂಲ್ ಬೀಳಬಹುದು.

ಡ್ರೈವರ್ ಗೊತ್ತಾದ ಮೇಲೆ ವಿಂಡೋಸ್‌ನ ಪ್ರಿಂಟ್ ಮ್ಯಾನೇಜ್‌ಮೆಂಟ್ ಎಂಬ ಉಪಕರಣದಲ್ಲಿ ಅದಕ್ಕೆ ಡ್ರೈವರ್ ಐಸೋಲೇಶನ್ ಹಾಕಿ, 'ಐಸೋಲೇಟೆಡ್' ಆರಿಸಿ. ವಿಂಡೋಸ್ ಸರ್ವರ್ 2008 ಆರ್2 ರಿಂದ ಈ ಸೌಲಭ್ಯ ಇದೆ. ಆಗ ಡ್ರೈವರ್ ಬೇರೆ ಪ್ರೋಸೆಸ್‌ನಲ್ಲಿ ಓಡುತ್ತದೆ. ಅದು ಬಿದ್ದರೂ ಉಳಿದ ಪ್ರಿಂಟರ್‌ಗಳು ಸಾಮಾನ್ಯವಾಗಿ ನಡೆಯುತ್ತಿರುತ್ತವೆ. ಎಲ್ಲ ಡ್ರೈವರ್‌ಗಳೂ ಇದಕ್ಕೆ ಒಗ್ಗುವುದಿಲ್ಲ, ಒಂದು ಪ್ರಿಂಟ್ ಕೊಟ್ಟು ನೋಡಿ. ಬಿಡುವು ಸಿಕ್ಕಾಗ ಹಳೆಯ ಡ್ರೈವರ್ ಅನ್ನು ಪ್ಯಾಕೇಜ್ ಸಮೇತ ತೆಗೆದು ಹೊಸದನ್ನು ಹಾಕಿ.